ಮೊಟಕು ತಿಂದ ಮುಳ್ಳು

ಹಳೆಯ ಜೀಪೊಂದರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಡೀಸೆಲ್ ತೋರಿಸುವ ಮುಳ್ಳೂ ಅಕ್ಕಪಕ್ಕದಲ್ಲಿದ್ದವು. ಒಮ್ಮೆ ಗುಡ್ಡ ಹತ್ತುವಾಗ ಬಿಸಿಮುಳ್ಳು ಕೆಂಪು ಗೆರೆ ಮುಟ್ಟಿತು. ಜೀಪು ಓಡಿಸುತ್ತಿದ್ದ ಸಿದ್ಧೋಜಿ ಬೆರಳಿನ ಗೆಣ್ಣಿನಿಂದ ಅದರ ಗಾಜಿಗೆ ಮೊಟಕಿದ. "ಏರು ಬಂದಾಗಲೇ ನಿನ್ನ ರಗಳೆ!" ಮುಳ್ಳು ನಡುಗಿ ಹಸಿರಿಗೆ ಇಳಿಯಿತು. "ರಿಪೇರಿ ಅಂದ್ರೆ ಇದು ನೋಡು" ಎಂದು ಅವನು ಪಕ್ಕದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹೆಂಡತಿಯ ಮುಂದೆ ಬೀಗಿದ.

ಮುಂದಿನ ಸಲ ಅದೇ ಏರಿನಲ್ಲಿ ರೇಡಿಯೇಟರಿನ ನೀರು ಸೋರಿಹೋಯಿತು.

"ಬೇಗ ಹೇಳೋ ಮಾರಾಯ, ಸುಟ್ಟುಹೋಗ್ತಿದ್ದೀನಿ!" ಎಂದು ಎಂಜಿನ್ ಕೂಗಿತು.

ಬಿಸಿಮುಳ್ಳು ಹಸಿರಿನಲ್ಲೇ ಮುದುರಿಕೊಂಡಿತು.

"ಕಿವುಡೇ ನಿನಗೆ? ಕೆಂಪಿಗೆ ಏರು" ಎಂದಿತು ಡೀಸೆಲ್ ಮುಳ್ಳು.

"ಏರಿದರೆ ಮೊಟಕುತ್ತಾನೆ."

"ಏರದಿದ್ದರೆ ಎಂಜಿನ್ ಸಾಯುತ್ತದೆ."

"ಮೊಟಕು ಬೀಳುವುದು ನನ್ನ ತಲೆಗೆ. ಅಷ್ಟು ಧೈರ್ಯವಿದ್ದರೆ ನೀನೇ ಹೇಳು."

ಡೀಸೆಲ್ ಮುಳ್ಳು ಸಿದ್ಧೋಜಿಯ ಗೆಣ್ಣನ್ನು ನೋಡಿತು. "ನನ್ನ ಕೆಲಸ ಡೀಸೆಲ್ ಮಾತ್ರ" ಎಂದಿತು.

"ಏನೋ ಸುಟ್ಟ ವಾಸನೆ ರೀ" ಎಂದಳು ಹೆಂಡತಿ.

"ಮುಳ್ಳು ಹಸಿರಲ್ಲೇ ಇದೆಯಲ್ಲೇ, ಹೆದರುಪುಕ್ಕಲಿ" ಎಂದು ಸಿದ್ಧೋಜಿ ನಕ್ಕ.

ಅವನ ನಗು ಮುಗಿಯುವ ಮೊದಲೇ ಬಾನೆಟ್ಟಿನಿಂದ ಹೊಗೆ ಎದ್ದಿತು. ಎಂಜಿನ್ ಕಟಕಟನೆ ಸದ್ದು ಮಾಡಿ ಸತ್ತಿತು. ಜೀಪು ಹಿಂದಕ್ಕೆ ಜಾರಿ, ಕಣಿವೆಯ ಅಂಚಿನಲ್ಲಿ ಬ್ರೇಕ್ ಹಿಡಿದು ನಿಂತಿತು.

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?" ಎಂದು ಸಿದ್ಧೋಜಿ ಮೊಟಕಲು ಮತ್ತೆ ಕೈ ಎತ್ತಿದ.

ಗೆಣ್ಣು ಕಂಡದ್ದೇ ಮುಳ್ಳು ಇನ್ನಷ್ಟು ಹಸಿರಿಗೆ ಸರಿಯಿತು. ಹೆಂಡತಿಯ ತೊಡೆಯ ಮೇಲೆ ಕೂತಿದ್ದ ಮಗಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.