ಪಂಚಮಿಯ ಹಾಲು

ಹುತ್ತದ ಗೆದ್ದಲುಗಳಿಗೆ ಪಾಠ ಹೇಳುತ್ತಿದ್ದ ಮುದಿ ಗೆದ್ದಲು ಮಣ್ಣಯ್ಯ ಒಮ್ಮೆ ಸಭೆಯಲ್ಲಿ ಹೇಳಿಬಿಟ್ಟ: "ನಾಗರಪಂಚಮಿಯ ಹಾಲು ನಮಗೆ ಬರುವ ಪ್ರಸಾದವಲ್ಲ. ಹಾವಿಗೆಂದು ಎರೆಯುತ್ತಾರೆ, ನಮ್ಮ ಮರಿಗಳು ಮುಳುಗಿ ಸಾಯುತ್ತವೆ."

ಸಭೆ ಅವನನ್ನು ಧರ್ಮದ್ರೋಹಿಯೆಂದು ಒಮ್ಮತದಿಂದ ಕೈಯೆತ್ತಿ ಹೊರಹಾಕಿತು.

ಪಂಚಮಿಯ ಬೆಳಿಗ್ಗೆ ಹೆಂಗಸರ ಬಳೆಗಳ ಸದ್ದು ಹತ್ತಿರವಾಯಿತು. ಮಣ್ಣಯ್ಯ ಓಡಿಹೋಗಿ ಹುತ್ತದ ಬಾಗಿಲು ಬಡಿದ.

"ಮರಿಗಳನ್ನು ಪಕ್ಕದ ಗೂಡಿಗೆ ಸಾಗಿಸಿರೋ!"

ಕಾವಲಿಗಿದ್ದವನು ಅವನ ಶಿಷ್ಯನೇ. "ಹೊರಗಿನವರ ಮಾತು ಕೇಳಬಾರದೆಂದು ಅಪ್ಪಣೆಯಾಗಿದೆ, ಗುರುಗಳೇ."

"ಅವತ್ತು ನೀನೂ ಕೈಯೆತ್ತಿದೆಯೇನೋ?"

ಶಿಷ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಎತ್ತಿದೆ, ಗುರುಗಳೇ. ಎತ್ತಿ, ನೆಟ್ಟಗೆ ಮನೆಗೆ ಹೋಗಿ, ನನ್ನ ಮರಿಗಳನ್ನಷ್ಟೇ ಸಾಗಿಸಿಕೊಂಡೆ."