ಗಸಗಸೆ ಹಾಕಿದ ಮೂಳೆ

ಕುಂಬಾರ ಈರಭದ್ರಪ್ಪನಿಗೆ ಒಂದೇ ಒಂದು ಹೆಮ್ಮೆ. ಅವನ ಕೈಯಿಂದ ತೂತಿನ ಮಡಕೆ ಹೊರಬಿದ್ದಿರಲಿಲ್ಲ. ಹಸಿ ಮಡಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನುಣುಪು ಕಲ್ಲಿನಿಂದ ತಿಕ್ಕಿ, ಕನ್ನಡಿಯಂತೆ ಮಾಡಿದ ಮೇಲೇ ಅವನು ಕೆಳಗಿಡುತ್ತಿದ್ದ.

ಅವನ ಮಣ್ಣು ಹೊರುವ ಕತ್ತೆಯ ಹೆಸರು ಸಾಹುಕಾರ. ಒಂದು ದಿನ ಮಣ್ಣಿನ ಗುಂಡಿಯ ದಂಡೆ ಕುಸಿದು ಸಾಹುಕಾರನ ಹಿಂಗಾಲು ಮುರಿಯಿತು. ಎರಡು ಬೆರಳಗಲದಷ್ಟು ಮೂಳೆ ನುಚ್ಚಾಯಿತು. ಪಶುವೈದ್ಯೆ ಜಬೀನ್ ಚೂರುಗಳನ್ನು ತೆಗೆದು, ಕಾಲಿಗೆ ಉಕ್ಕಿನ ಸರಳುಗಳ ಆಸರೆ ಕೊಟ್ಟರು.

“ಕಾಕಾ, ನಡುವೆ ಜಾಗ ಖಾಲಿ ಉಳದದ. ಅಷ್ಟು ದೂರ ಮೂಳೆ ತಾನಾಗಿ ಬೆಳೆಯೂದಿಲ್ಲ. ಅಲ್ಲಿ ಒಂದು ಪಿಂಗಾಣಿ ತುಂಡು ಇಡಬೇಕು. ಮೂರು ವಾರದೊಳಗ ಆಗಬೇಕು. ಇಲ್ಲಾಂದ್ರ ಸಾಹುಕಾರ ಮತ್ತ ಏಳೂದಿಲ್ಲ.”

ಮೂಳೆಯಲ್ಲಿರುವ ಸತ್ವವೇ ಇರುವ ಬಿಳಿ ಪುಡಿಯನ್ನು ಅವರು ಈರಭದ್ರಪ್ಪನ ಕೈಗೆ ಕೊಟ್ಟರು.

“ಆಕಾರ ಕೊಡಲಿಕ್ಕೆ ನಿಮ್ಮ ಕೈ ಬೇಕು. ಸುಡೂದು ಆಸ್ಪತ್ರೆ ಕುಲುಮ್ಯಾಗ ನಾ ನೋಡ್ಕೋತೀನಿ. ಆದ್ರ ತುಂಡಿನ ತುಂಬ ಗಸಗಸೆ ಕಾಳಿನಷ್ಟು ತೂತು ಇರಬೇಕು.”

“ತೂತು? ನನ್ನ ಕೈಲೆ?” ಈರಭದ್ರಪ್ಪನ ಮೀಸೆ ನಡುಗಿತು.

“ಹೌದು. ಒಂದು ತೂತಿಂದ ಇನ್ನೊಂದಕ್ಕ ದಾರಿಯೂ ಇರಬೇಕು. ಆ ದಾರಿಯೊಳಗ ರಕ್ತ ಹೋಗ್ತದ. ಅದರ ಹಿಂದ ಮೂಳೆ ಬೆಳಕೋತ ಹೋಗ್ತದ.”

ಈರಭದ್ರಪ್ಪ ಮನೆಗೆ ಬಂದು ಗಸಗಸೆ ಡಬ್ಬಿಗೇ ಕೈಹಾಕಿದ. ಕಾಳು ಬೆಂಕಿಯಲ್ಲಿ ಉರಿದುಹೋದರೆ ಅದರ ಜಾಗ ತೂತಾಗಿ ಉಳಿಯುತ್ತದೆ ಎಂಬುದು ಅವನ ಲೆಕ್ಕ.

“ಅದು ಪಾಯಸಕ್ಕ ಇಟ್ಟಿದ್ದು!” ಹೆಂಡತಿ ಗುರವ್ವ ಕೂಗಿದಳು.

“ಸಾಹುಕಾರನ ಕಾಲಿಗೆ ಬೇಕು.”

“ಕತ್ತೆಗೆ ಗಸಗಸೆ, ನಮಗ ಗಂಜಿ. ನಡೀಲಿ.”

ಅವನು ಒಂದು ಹಿಡಿ ಪುಡಿಗೆ ಒಂದು ಹಿಡಿ ಗಸಗಸೆ ಕಲಸಿದ. ತುಂಡಿಗೆ ಆಕಾರ ಕೊಟ್ಟ. ಆಮೇಲೆ ಅವನ ಕೈ ತಾನಾಗಿ ಒದ್ದೆ ಬಟ್ಟೆ ಹಿಡಿಯಿತು, ಕಲ್ಲು ಹಿಡಿಯಿತು. ತುಂಡು ಫಳಫಳ ಹೊಳೆಯಿತು.

ಸುಟ್ಟ ತುಂಡನ್ನು ಡಾಕ್ಟರು ಕುಂಕುಮದ ನೀರಿನ ತಟ್ಟೆಯಲ್ಲಿ ನಿಲ್ಲಿಸಿದರು. ತೂತಿಂದ ತೂತಿಗೆ ದಾರಿ ಇದ್ದರೆ ಕೆಂಪು ನೀರು ತುಂಡಿನೊಳಗೆ ಮೇಲೇರಬೇಕಿತ್ತು; ಅದು ತಟ್ಟೆಯಲ್ಲೇ ಉಳಿಯಿತು. ತುಂಡನ್ನು ಗರಗಸದಿಂದ ಎರಡು ಹೋಳು ಮಾಡಿದರು. ಒಳಗೆ ಜೇನುಗೂಡು.

“ಕೋಣೆ ಚಲೋ ಕಟ್ಟೀರಿ ಕಾಕಾ. ಬಾಗಿಲು ಎಲ್ಲಿ?”

ಅವನ ನುಣುಪೇ ತೂತುಗಳ ಬಾಯಿ ಮುಚ್ಚಿತ್ತು.

ಈರಭದ್ರಪ್ಪನಿಗೆ ರೋಷ ಬಂತು. ತೂತೇ ಬೇಕೇನು? ತಗೋ ಎಂದು ಒಂದು ಹಿಡಿ ಪುಡಿಗೆ ನಾಲ್ಕು ಹಿಡಿ ಗಸಗಸೆ ಸುರಿದ. ಈ ಸಲ ಹೊರಮೈಯನ್ನು ಚಾಕುವಿನಿಂದ ಕೆರೆದೇಬಿಟ್ಟ. ಸುಟ್ಟು ತಟ್ಟೆಯಲ್ಲಿ ನಿಲ್ಲಿಸಿದಾಗ ಕೆಂಪು ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ತುದಿಗೆ ಏರಿತು. ಅವನು ಚಪ್ಪಾಳೆ ತಟ್ಟಿದ. ಡಾಕ್ಟರು ಎರಡು ಬೆರಳಲ್ಲಿ ಒತ್ತಿದರು. ತುಂಡು ಹಳೆಯ ಬಿಸ್ಕತ್ತಿನಂತೆ ಉದುರಿತು.

“ಈಗ ಬಾಗಿಲೇ ಬಾಗಿಲು, ಗೋಡೆನೇ ಇಲ್ಲ! ಮೂಳೆ ಬಂದು ತುಂಬೂತನಕ ಇದು ನಿಂತಿರಬೇಕಲ್ಲ ಕಾಕಾ?”

ಒಂದು ತುಂಡಿಗೆ ಸಾಲುವಷ್ಟೇ ಪುಡಿ ಉಳಿದಿತ್ತು. ಮೂರು ವಾರದಲ್ಲಿ ಐದೇ ದಿನ ಉಳಿದಿತ್ತು. ಆಸ್ಪತ್ರೆಯಲ್ಲಿ ಸಾಹುಕಾರ ಮಲಗಿದಲ್ಲಿಂದಲೇ ಯಜಮಾನನ ಅಂಗಿ ಕಚ್ಚಿ ಎಳೆಯಿತು. ಈರಭದ್ರಪ್ಪ ಮನೆಗೆ ನಡೆದ.

ಮತ್ತೆ ಮೊದಲಿನ ಅಳತೆ, ಒಂದಕ್ಕೆ ಒಂದು. ತುಂಡು ಸಿದ್ಧವಾಯಿತು. ಕೆರೆಯಬೇಕಾದ ಹೊತ್ತಿಗೆ ಬಲಗೈ ಪಕ್ಕಕ್ಕೆ ಹೋಗಿ ತಡಕಾಡಿತು. ನುಣುಪು ಕಲ್ಲು ಅಲ್ಲಿರಲಿಲ್ಲ. ಬಟ್ಟೆಯೂ ಇರಲಿಲ್ಲ. ಎರಡರ ಮೇಲೂ ಗುರವ್ವ ಕೂತಿದ್ದಳು.

“ಕೊಡು.”

“ಕೊಡೂದಿಲ್ಲ.”

“ಒಂದೇ ಒಂದ್ಸಲ! ಇಂಥಾ ಒರಟು ಸಾಮಾನು ನೋಡಿದ್ರ ಊರವರು ಏನಂತಾರ?”

“ಊರವರು ಕತ್ತೆ ಕಾಲೊಳಗ ಇಣುಕಿ ನೋಡ್ತಾರೇನು?”

ಈರಭದ್ರಪ್ಪನಿಗೆ ನಗು ತಡೆಯಲಾಗಲಿಲ್ಲ. ಚಾಕು ತೆಗೆದುಕೊಂಡು ತುಂಡಿನ ಹೊರಮೈಯನ್ನು ಹಗುರವಾಗಿ ಕೆರೆದ. ಆಮೇಲೆ ಅದು ಆರುವವರೆಗೂ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ.

ಈ ಸಲ ಕೆಂಪು ನೀರು ಮೆಲ್ಲಗೆ ಏರಿತು. ತುದಿ ಮುಟ್ಟಿತು. ಡಾಕ್ಟರು ಬೆರಳಲ್ಲಿ ಒತ್ತಿದರು, ಅಂಗೈಯಲ್ಲಿ ಒತ್ತಿದರು. ತುಂಡು ಜಗ್ಗಲಿಲ್ಲ. ಅದೇ ದಿನ ಅದನ್ನು ಸಾಹುಕಾರನ ಕಾಲಲ್ಲಿ ಕೂರಿಸಿದರು.

ಎಂಟು ತಿಂಗಳಾದ ಮೇಲೆ ಎಕ್ಸ್‌ರೇ ತೆಗೆದರು.

“ನೋಡ್ರಿ ಕಾಕಾ, ತೂತಿನ ತುಂಬ ಮೂಳೆ ಬೆಳದದ. ಇಡುವಾಗ ಇದ್ದದ್ದಕ್ಕಿಂತ ಈಗ ಗಟ್ಟಿ.” ಸರಳುಗಳನ್ನು ಬಿಚ್ಚಿದರು.

ಒಂದು ವಾರ ಕಳೆದು ಈರಭದ್ರಪ್ಪ ಮನೆಯಂಗಳದಲ್ಲಿ ಸಾಹುಕಾರನ ಹಿಂದೆ ಬಗ್ಗಿ, ಆ ಕಾಲನ್ನು ಪ್ರೀತಿಯಿಂದ ಸವರಿದ. ಸಾಹುಕಾರ ಒದ್ದ ಏಟಿಗೆ ಹಸಿಮಣ್ಣಿನ ಗುಡ್ಡೆಯ ಮೇಲೆ ಅಂಗಾತ ಬಿದ್ದ. ಗುರವ್ವ ಓಡಿಬಂದಳು.

ಅವನು ಬಿದ್ದಲ್ಲಿಂದಲೇ ಕೇಳಿದ: “ಯಾವ ಕಾಲಿಂದ ಒದೀತು?”

“ಅದೇ ಕಾಲು.”

“ಹಂಗಾದ್ರ ಪಾಯಸ ಮಾಡು!”

“ಗಸಗಸೆ ಎಲ್ಲಿ ಉಳಿಸೀರಿ?” ಎಂದಳು ಗುರವ್ವ, ಅವನಿಗೆ ಕೈಕೊಟ್ಟು ಎಬ್ಬಿಸುತ್ತ.

ನೀತಿ: ಒಳಗೆ ಬರಲು ದಾರಿ ಬಿಟ್ಟವರ ಜೊತೆಗೇ ಇನ್ನೊಬ್ಬರು ಬೆಸೆದುಕೊಳ್ಳಬಲ್ಲರು. ಆದರೆ ಅವರು ಬರುವವರೆಗೆ ನಿಲ್ಲುವಷ್ಟು ಗೋಡೆ ನಮ್ಮಲ್ಲಿ ಇರಬೇಕು.