ಗೊಬ್ಬರದ ಸಾಲಿನ ಕುಳ್ಳ ಜೋಳ

"ಅಜ್ಜಾರೆ, ಮೂರು ವರ್ಷದಿಂದ ನಾನು ಯಾರ ಮುಂದೆಯೂ ತಲೆ ಎತ್ತಿಲ್ಲ. ಪಂಕ್ತಿಯಲ್ಲಿ ಕಡೆಗೆ ಕೂರುತ್ತೇನೆ, ಸಿಕ್ಕಿದ್ದು ಉಣ್ಣುತ್ತೇನೆ. ಈ ಮಠದಲ್ಲಿ ನನಗಿಂತ ತಗ್ಗಿ ನಡೆಯುವವನನ್ನು ಒಬ್ಬನನ್ನು ತೋರಿಸಿ ನೋಡೋಣ. ಹಾಗಿದ್ದೂ ನನ್ನನ್ನೇಕೆ ಕಳಿಸುತ್ತಿಲ್ಲ?"

ಕೇಳಿದವನು ಶಿಷ್ಯ ಅಡವಯ್ಯ. ಹೊಳೆಯಾಚೆಯ ಊರಿನವರು ತಮ್ಮ ಮಠಕ್ಕೆ ಒಬ್ಬ ಗುರು ಬೇಕೆಂದು ಕೇಳಿ ಹೋಗಿದ್ದರು. ಅದು ಉಂಡುಟ್ಟು ಸುಖವಾಗಿದ್ದ ಊರು. ಗುರುವಾಗಿ ಹೋದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಜನ. ಆ ಪೀಠ ತನ್ನದೇ ಎಂದು ಅಡವಯ್ಯ ಮನಸ್ಸಿನಲ್ಲೇ ಬರೆದುಕೊಂಡುಬಿಟ್ಟಿದ್ದ. ಗುರುಗಳಾದ ಅಜ್ಜನವರು ಹೂಂ ಅನ್ನದೆ ಎಂಟು ದಿನವಾಗಿತ್ತು.

ಅಜ್ಜನವರು ನಕ್ಕರು. "ಕೂತುಕೋ. ನಮ್ಮ ಸೀಮೆಯ ಒಬ್ಬ ರೈತನ ಕತೆ ಹೇಳುತ್ತೇನೆ," ಎಂದರು.

ಒಬ್ಬ ರೈತ. ಅವನಿಗೆ ನಾಲ್ಕು ಎಮ್ಮೆ, ಒಂದು ಹೊಲ. ಹೊಲದ ತುಂಬ ಗೋವಿನಜೋಳ. ತೆನೆ ಮನೆಗೆ, ದಂಟು ಕೊಟ್ಟಿಗೆಗೆ. ಆ ಕಡೆ ಜೋಳವೆಂದರೆ ಎರಡಾಳು ಎತ್ತರ ಬೆಳೆಯಬೇಕು. ಯಾವನ ಹೊಲದಲ್ಲಿ ಆನೆ ಹೊಕ್ಕರೂ ಕಾಣುವುದಿಲ್ಲವೋ ಅವನೇ ಗಂಡಸು. ಬೀಜಕ್ಕೂ ಎಲ್ಲಕ್ಕಿಂತ ಉದ್ದದ ಗಿಡದ ತೆನೆಯನ್ನೇ ಆರಿಸಿ, ಒಲೆಯ ಮೇಲಿನ ತೊಲೆಗೆ ಕಟ್ಟುವುದು ರೂಢಿ.

ಕಾಳು ಬಲಿಯುವ ಹೊತ್ತಿಗೆ ಸರಿಯಾಗಿ ಗಾಳಿಮಳೆ ಬರುತ್ತಿತ್ತು. ಆ ಎತ್ತರವೆಲ್ಲ ಚಾಪೆ ಹಾಸಿದಂತೆ ಮಲಗುತ್ತಿತ್ತು. ತೆನೆ ಕೆಸರಿನಲ್ಲೇ ಮೊಳೆಯುತ್ತಿತ್ತು. ಕೊಳೆತ ದಂಟನ್ನು ಎಮ್ಮೆ ಮೂಸಿ ಮುಖ ತಿರುವುತ್ತಿತ್ತು. ಇನ್ನೆರಡು ವರ್ಷ ಹೀಗೇ ಆದರೆ ಎಮ್ಮೆಗಳನ್ನು ಸಂತೆಗೆ ಹೊಡೆಯುವುದೊಂದೇ ದಾರಿ.

ಒಂದು ವರ್ಷ, ಮಲಗಿದ ಹೊಲದ ಅಂಚಿನಲ್ಲಿ ನಾಲ್ಕಾರು ಕುಳ್ಳ ಗಿಡ ನಿಂತೇ ಇದ್ದವು. ರೈತ ಅವುಗಳ ತೆನೆ ತಂದು ತೊಲೆಗೆ ಕಟ್ಟಿದ. ಮುಂದಿನ ಮಳೆಗೆ ಹೊಲದ ಒಳ್ಳೆಯ ಮಣ್ಣಿನಲ್ಲಿ ಬಿತ್ತಿದ. ಅವೂ ಮುಗಿಲಿಗೇ ಏರಿದವು. ಗಾಳಿಗೆ ಮೊದಲು ಬಿದ್ದವೂ ಅವೇ.

ರೈತ ಆ ಅಂಚಿಗೆ ಹೋಗಿ ಅಗೆದು ನೋಡಿದ. ಗೇಣು ಮಣ್ಣಿನ ಕೆಳಗೆ ಬರೀ ಕಲ್ಲು. ಅಲ್ಲಿದ್ದದ್ದು ಕುಳ್ಳ ಗಿಡವಲ್ಲ, ಉಪವಾಸ ಬಿದ್ದ ಗಿಡ. ಬೇರಿಗೆ ಒಂದಿಷ್ಟು ಸಾರ ಸಿಕ್ಕಿದ್ದೇ ತಡ, ಅದಕ್ಕೆ ಅಪ್ಪ ಅಜ್ಜಂದಿರ ಎತ್ತರ ನೆನಪಾಗಿತ್ತು.

ಮತ್ತೊಬ್ಬನಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದ. ಇವನು ತಿಪ್ಪೆಯ ಗೊಬ್ಬರವನ್ನೆಲ್ಲ ಹೊಲದ ನಟ್ಟನಡುವಿನ ನಾಲ್ಕು ಸಾಲಿಗೆ ಸುರಿದ. ಸಾಕು ಸಾಕು ಅನ್ನುವಷ್ಟು ಉಣ್ಣಿಸಿದ. ಅಲ್ಲಿ ನೂರು ಗಿಡದಲ್ಲಿ ತೊಂಬತ್ತೆಂಟು ಬೆಳೆದು ಮೆರೆದವು. ಎರಡು ಮಾತ್ರ ಎದೆಮಟ್ಟಕ್ಕೆ ನಿಂತು, ಉಂಡದ್ದನ್ನೆಲ್ಲ ದಂಟಿಗೂ ತೆನೆಗೂ ಇಳಿಸಿದವು. ದಂಟು ಮುಂಗೈ ದಪ್ಪ, ಎಲೆ ಕಪ್ಪುಹಸಿರು. ಉದ್ದ ಗಿಡಗಳ ಹೂವಿನ ಪುಡಿ ಇವಕ್ಕೆ ತಾಗಬಾರದೆಂದು ರೈತ ಅವುಗಳ ತುದಿಯಲ್ಲಿ ಗೊಂಚಲಾಗಿ ಬರುವ ಸೂಲಂಗಿ ಹೂವನ್ನು ಅರಳುವ ಮೊದಲೇ ಕಿತ್ತೆಸೆದ. ಬೀಜಕ್ಕೆ ಕುಳ್ಳ ಗಿಡದ ತೆನೆಯನ್ನಷ್ಟೇ ಇಟ್ಟ.

ಬದುವಿನ ಮೇಲೆ ಹೋಗುತ್ತಿದ್ದ ಪಕ್ಕದ ಹೊಲದವನು ಇದನ್ನು ನೋಡಿದ. "ಏನ್ ಮಾಮಾ, ಈ ಸಲ ಕೊಯ್ಯಾಕ ಕುಡಗೋಲು ಬೇಕೋ, ಕಳೆ ತೆಗೆಯೋ ಕುರ್ಪಿ ಸಾಕೋ?"

"ಮಲಗಿದ ನಿನ್ನ ಜೋಳ ಎತ್ತಿ ನಿಲ್ಲಿಸಾಕ ಎಷ್ಟು ಮಾರು ಹಗ್ಗ ಬೇಕು, ಅದನ್ನ ಹೇಳಪಾ ಅಳಿಯಾ," ಎಂದ ರೈತ.

ಒಂದಲ್ಲ ಎರಡಲ್ಲ, ಒಂಬತ್ತು ವರ್ಷ ಹೀಗೆ ಮಾಡಿದ. ವರ್ಷವರ್ಷವೂ ಗೊಬ್ಬರ ಹೆಚ್ಚಿಸಿದ. ಉಂಡು ಮೇಲೆದ್ದದ್ದನ್ನು ಎಮ್ಮೆಗೆ ಹಾಕಿದ, ಉಂಡೂ ತಗ್ಗಿ ನಿಂತದ್ದನ್ನು ತೊಲೆಗೆ ಕಟ್ಟಿದ. ಹತ್ತನೆಯ ವರ್ಷದ ಗಾಳಿಗೆ ಊರಿನ ಹೊಲವೆಲ್ಲ ನೆಲ ಹಿಡಿಯಿತು. ಅವನ ಹೊಲದಲ್ಲಿ ಒಂದು ಗಿಡವೂ ಬಾಗಲಿಲ್ಲ. ಕುಳ್ಳ ಜೋಳವೆಂದು ಸಾಲುಗಳನ್ನು ಒತ್ತಾಗಿ ಬಿತ್ತಿದ್ದ. ತೆನೆ ಮುರಿದು ಮನೆ ತುಂಬಿದ ಮೇಲೂ ದಂಟಿನ ಹಸಿರು ಆರಿರಲಿಲ್ಲ. ಎಮ್ಮೆಗಳು ಬುಡದವರೆಗೆ ಅಗಿದು ತಿಂದವು. ಬೇಕಾದರೆ ಸುತ್ತಿನ ಹನ್ನೆರಡು ಹಳ್ಳಿ ತಿರುಗಿ ಬಾ, ಅಂಥ ಕಾಳು ಅಂಥ ಮೇವು ಒಂದೇ ಗಿಡದಲ್ಲಿ ಕೊಟ್ಟ ಇನ್ನೊಬ್ಬ ಗಂಡು ಸಿಗಲಾರ. ಪಕ್ಕದ ಹೊಲದವನೂ ಹೆಗಲ ಮೇಲಿನ ಟವೆಲು ಹಾಸಿ ಬೀಜ ಕೇಳಿದ.

ಕತೆ ಮುಗಿಯಿತು. ಅಡವಯ್ಯನ ಮುಖ ಅರಳಿತು. "ನಾನೂ ಆ ಕುಳ್ಳ ಜೋಳದ ಹಾಗೇ ಅಲ್ಲವೇ, ಅಜ್ಜಾರೆ?" ಎಂದ.

ಅಜ್ಜನವರು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಹೇಳಿದರು:

"ನಿನಗೆ ಇನ್ನೂ ಯಾರೂ ಗೊಬ್ಬರ ಹಾಕಿಲ್ಲ, ಮಗಾ, ನಾಳೆಯೇ ಆ ಊರಿಗೆ ಹೋಗು, ನಿನ್ನ ಎತ್ತರ ಅಲ್ಲಿ ತಿಳಿದೀತು."